ಉಲ್ಟಾ ಮಾಡಿ ನೋಡಿ

(ಧಾರವಾಡದಲ್ಲಿ ಹೊಲಿಗೆ ತರಬೇತಿ ಮುಗಿಸಿದ ಹೆಣ್ಣುಮಕ್ಕಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಮೊದಲು ಈ ಬಟ್ಟೆ ತಗೊಳ್ಳಿ. ಮುಂದಿನ ಸಾಲಿನಿಂದ ಹಿಂದಕ್ಕೆ ಒಬ್ಬೊಬ್ಬರಾಗಿ ದಾಟಿಸಿ. ಇದು ನಮ್ಮ ಅವ್ವ ಕಸೂತಿ ಹಾಕಿದ ಚಂದ್ರಕಾಳಿ ಸೀರೆ, ಅಂದರೆ ಕಪ್ಪು ಸೀರೆ. ಪೂರ್ತಿ ಸೀರೆ ಇಲ್ಲ, ಸೆರಗಿನ ತುಂಡು ಮಾತ್ರ. ಉಳಿದದ್ದು ಉಟ್ಟು ಉಟ್ಟು ಹರಿದು, ಹಳೆ ಬಟ್ಟೆ ಜೋಡಿಸಿ ಹೊಲಿಯುವ ಕೌದಿ ಸೇರಿತು. ಈ ತುಂಡಿನಲ್ಲಿ ಸೀದಾ ಯಾವ ಕಡೆ, ಉಲ್ಟಾ ಯಾವ ಕಡೆ ಅಂತ ನೋಡಿ. ಇನ್ನೊಂದು ಕೆಲಸವೂ ಇದೆ. ಕಸೂತಿಯಲ್ಲಿ ಗಂಟು ಹಾಕಬಾರದು ಅಂತ ನಿಮಗೆ ಹೇಳಿಕೊಟ್ಟಿರುತ್ತಾರೆ. ಅವ್ವ ಇದರಲ್ಲಿ ಒಂದೇ ಒಂದು ಕಡೆ ಗಂಟು ಹಾಕಿದ್ದಾಳೆ. ಎಲ್ಲಿದೆ ಅಂತ ಹುಡುಕಿ. ಅಷ್ಟರಲ್ಲಿ ನಾನು ಮಾತು ಮುಗಿಸುತ್ತೇನೆ.

ಟೀವಿಯ ಫ್ಯಾಷನ್ ಡಿಸೈನ್ ಸ್ಪರ್ಧೆಗಳ ಬಗ್ಗೆ ಮಾತಾಡಿ ಅಂತ ನಿಮ್ಮ ಮೇಡಂ ಫೋನ್ ಮಾಡಿದಾಗ ನನಗೆ ನಗು ಬಂತು. ನಾನು ಹುಬ್ಬಳ್ಳಿಯಲ್ಲಿ ಬ್ಲೌಸ್ ಹೊಲಿಯುವವಳು. ಹುಟ್ಟಿದ್ದು ಗದಗ-ಬೆಟಗೇರಿಯಲ್ಲಿ, ಮಗ್ಗದ ಸದ್ದಿನ ಓಣಿಯಲ್ಲಿ. ರ್‍ಯಾಂಪ್ ಅನ್ನುವುದನ್ನು ಕಣ್ಣಾರೆ ಕಂಡವಳಲ್ಲ. ಆದರೆ ಈ ಕಾರ್ಯಕ್ರಮಗಳನ್ನು ನಾನು ನೋಡಿದಷ್ಟು ಹುಬ್ಬಳ್ಳಿಯಲ್ಲಿ ಇನ್ನೊಬ್ಬ ಟೇಲರ್ ನೋಡಿರಲಿಕ್ಕಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಅಂಗಡಿ ಬಂದ್ ಆಗಿತ್ತು. ಮನೆಯಲ್ಲಿ ಕೂತು ಮಾಸ್ಕ್ ಹೊಲಿಯುತ್ತಿದ್ದೆ. ಮಾಸ್ಕ್ ಹೊಲಿಯುವುದಕ್ಕೆ ತಲೆ ಬೇಡ, ಕೈ ಸಾಕು. ಮಗಳು ಎದುರಿಗೆ ಲ್ಯಾಪ್‌ಟಾಪ್ ಇಟ್ಟು, ‘ನಿನಗ ಬೇಕಾದ್ದು ಐತಿ, ನೋಡು’ ಅಂದಳು. ‘ಪ್ರಾಜೆಕ್ಟ್ ರನ್‌ವೇ’ ಅಂತ. ಮೊದಲ ಎರಡು ದಿನ ಬೈಯುತ್ತಾ ನೋಡಿದೆ. ಮೂರನೇ ದಿನ ಮಾಸ್ಕ್ ಪಕ್ಕಕ್ಕಿಟ್ಟೆ.

ಅವರ ಇಂಗ್ಲಿಷ್ ನನಗೆ ಅರ್ಧ ತಿಳಿಯುತ್ತದೆ, ಅರ್ಧ ಇಲ್ಲ. ಆದರೆ ಕೈ ತಿಳಿಯುತ್ತದೆ. ಕತ್ತರಿ ಹಿಡಿಯುವ ರೀತಿ ನೋಡಿದರೆ ಯಾರು ಹತ್ತು ವರ್ಷ ಕಟಿಂಗ್ ಮಾಡಿದ್ದಾರೆ, ಯಾರು ಬರೀ ಚಿತ್ರ ಬರೆದಿದ್ದಾರೆ ಅಂತ ಗೊತ್ತಾಗುತ್ತದೆ, ಅಲ್ವಾ?

ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಇದು ಅಮೆರಿಕದ ಕಾರ್ಯಕ್ರಮ, 2004ರ ಡಿಸೆಂಬರಿನಲ್ಲಿ ಬ್ರೇವೋ ಅನ್ನುವ ಚಾನೆಲ್ಲಿನಲ್ಲಿ ಶುರುವಾಯಿತು. ಮೊದಲ ಸೀಸನ್ನಿನಲ್ಲಿ 12 ಜನ. ಪ್ರತಿ ವಾರ ಒಂದು ಸವಾಲು. ಒಂದು ದಿನ, ಬಹಳ ಅಂದರೆ ಎರಡು ದಿನ ಸಮಯ. ಕೊನೆಗೆ ಮಾಡೆಲ್‌ಗಳು ಅದನ್ನು ಹಾಕಿಕೊಂಡು ನಡೆಯುತ್ತಾರೆ, ತೀರ್ಪುಗಾರರು ನೋಡುತ್ತಾರೆ, ಒಬ್ಬರನ್ನು ಮನೆಗೆ ಕಳಿಸುತ್ತಾರೆ. ಹೈಡಿ ಕ್ಲುಮ್ ನಡೆಸಿಕೊಡುತ್ತಿದ್ದಳು. ಮೈಕಲ್ ಕೋರ್ಸ್, ನೀನಾ ಗಾರ್ಸಿಯಾ ತೀರ್ಪು ಕೊಡುತ್ತಿದ್ದರು. ಆ ಮೊದಲ ಸೀಸನ್ ಗೆದ್ದವರಿಗೆ ಒಂದು ಲಕ್ಷ ಡಾಲರ್.

ಮೊಟ್ಟಮೊದಲ ಸವಾಲು ಏನು ಗೊತ್ತಾ? ಬಟ್ಟೆ ಅಂಗಡಿಗೆ ಕಳಿಸಲಿಲ್ಲ. ಕೈಗೆ 50 ಡಾಲರ್ ಕೊಟ್ಟು ಕಿರಾಣಿ ಅಂಗಡಿಗೆ ಕಳಿಸಿದರು. ಅಲ್ಲಿ ಸಿಕ್ಕಿದ್ದರಲ್ಲಿ ಉಡುಪು ಮಾಡಿ ಅಂದರು. ಆಸ್ಟಿನ್ ಸ್ಕಾರ್ಲೆಟ್ ಅನ್ನುವ ಹುಡುಗ ಗೋವಿನಜೋಳದ ತೆನೆಯ ಮೇಲಿನ ಸಿಪ್ಪೆ ತಂದು ಡ್ರೆಸ್ ಮಾಡಿದ. ಅವನೇ ಗೆದ್ದ.

ನಾನು ಆ ಡ್ರೆಸ್ ನೋಡಿ ಮೊದಲು ಯೋಚಿಸಿದ್ದು ಅದರ ಚಂದದ ಬಗ್ಗೆ ಅಲ್ಲ. ನನ್ನ ಗಂಡನ ಮನೆಯವರು ಹಾವೇರಿ ಕಡೆಯವರು. ಅಲ್ಲಿ ಎಲ್ಲಿ ನೋಡಿದರೂ ಗೋವಿನಜೋಳ. ಆ ಸಿಪ್ಪೆ ಹಸಿ ಇದ್ದಾಗ ಹೇಗೆ ಬೇಕಾದರೂ ಬಾಗುತ್ತದೆ. ಬೆಳಗಾಗುವುದರೊಳಗೆ ಒಣಗಿ ಮುದುಡಿಕೊಳ್ಳುತ್ತದೆ, ಅಂಚು ಸುರುಳಿ ಸುತ್ತುತ್ತದೆ. ಇವತ್ತು ಹೊಲಿದ ಅಳತೆ ನಾಳೆ ಇರುವುದಿಲ್ಲ. ಹಾಗಾದರೆ ಎಷ್ಟು ಮಾರ್ಜಿನ್ ಬಿಡಬೇಕು? ಒಂದರ ಮೇಲೊಂದು ಎಷ್ಟು ಹೊದಿಸಬೇಕು? ನನ್ನ ತಲೆಯಲ್ಲಿ ಅದೇ ಓಡುತ್ತಿತ್ತು. ಮಗಳು ‘ಎಷ್ಟ್ ಚಂದ ಐತಿ’ ಅಂದಳು. ನಾನು ‘ಒಳಗ ಏನ್ ಹಚ್ಚ್ಯಾನ?’ ಅಂದೆ.

ಆ ಒಳಗಿನದನ್ನು ಟೀವಿ ತೋರಿಸುವುದೇ ಇಲ್ಲ. ಅಲ್ಲಿಂದ ಶುರುವಾಯಿತು ನನ್ನ ತಕರಾರು.

ಹಾವೇರಿ ಅಂದ ಕೂಡಲೇ ನೆನಪಾಯಿತು. ಬಟ್ಟೆ ಬಿಟ್ಟು ಬೇರೆ ವಸ್ತುವಿನಲ್ಲಿ ಮಾಡುವ ಸವಾಲು ಬಂದಾಗಲೆಲ್ಲ ಅವರು ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ನಮ್ಮ ಹಾವೇರಿಯಲ್ಲಿ ಏಲಕ್ಕಿ ಪೋಣಿಸಿ ಮಾಲೆ ಮಾಡುತ್ತಾರಲ್ಲ, ಊರಿಗೆ ಯಾವ ದೊಡ್ಡ ಮನುಷ್ಯ ಬಂದರೂ ಕೊರಳಿಗೆ ಅದೇ. ಹತ್ತಿರದಿಂದ ನೋಡಿದ್ದೀರಾ? ಕಾಯಿಗಳೆಲ್ಲ ಒಂದೇ ಗಾತ್ರದವು ಬೇಕು. ಮುಖ ಒಂದೇ ಕಡೆ ತಿರುಗಿರಬೇಕು. ಸೂಜಿ ಚುಚ್ಚಿದಾಗ ಕಾಯಿ ಒಡೆಯಬಾರದು. ಜೊತೆಗೆ ಜರಿ, ಮಣಿ, ರೇಶಿಮೆ ದಾರ. ಆ ಮಾಲೆ ಮಾಡುವವರನ್ನು ನ್ಯೂಯಾರ್ಕಿನ ಆ ಕಿರಾಣಿ ಅಂಗಡಿಯಲ್ಲಿ ಬಿಟ್ಟಿದ್ದರೆ 50 ಡಾಲರಿನಲ್ಲಿ ಚಿಲ್ಲರೆ ವಾಪಸ್ ತರುತ್ತಿದ್ದರು.

ಇರಲಿ. ಗಡಿಯಾರದ ವಿಷಯಕ್ಕೆ ಬರೋಣ.

ಆ ಕಾರ್ಯಕ್ರಮದ ನಿಜವಾದ ಹೀರೋ ಗಡಿಯಾರ. ಟಿಮ್ ಗನ್ ಅಂತ ಒಬ್ಬರು ಮೇಷ್ಟ್ರು ಇದ್ದರು, ನ್ಯೂಯಾರ್ಕಿನ ಪಾರ್ಸನ್ಸ್ ಅನ್ನುವ ಕಾಲೇಜಿನಲ್ಲಿ ಫ್ಯಾಷನ್ ಡಿಸೈನ್ ವಿಭಾಗದ ಮುಖ್ಯಸ್ಥರು. ಹೊಲಿಯುವ ಕೋಣೆಗೆ ಬಂದು ಒಬ್ಬೊಬ್ಬರ ಟೇಬಲ್ ಹತ್ತಿರ ನಿಂತು, ಗದ್ದದ ಮೇಲೆ ಕೈ ಇಟ್ಟು ನೋಡುತ್ತಿದ್ದರು. ‘ಮೇಕ್ ಇಟ್ ವರ್ಕ್’ ಅನ್ನುತ್ತಿದ್ದರು. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ, ‘ಹೆಂಗರ ಮಾಡಿ ಸಂಭಾಳಿಸು’. ನನಗೆ ಈ ಮನುಷ್ಯ ಯಾಕೆ ಇಷ್ಟ ಅಂದರೆ, ಅವರಿಗೆ ಓಟು ಇರಲಿಲ್ಲ. ತಪ್ಪು ಎಲ್ಲಿದೆ ಅಂತ ಮುಂಚೆಯೇ ಕಾಣುವುದು ಅವರಿಗೆ. ತೀರ್ಪಿನ ಹೊತ್ತಿಗೆ ಮಾತ್ರ ಅವರು ಹೊರಗೆ. 2013ರಲ್ಲಿ, 12ನೇ ಸೀಸನ್ನಿಗೆ, ಇಡೀ ಸೀಸನ್ನಿನಲ್ಲಿ ಒಬ್ಬರನ್ನು ಒಂದು ಸಲ ಉಳಿಸುವ ಅಧಿಕಾರ ಕೊಟ್ಟರು. ಅಷ್ಟೇ. ನಿಮಗೆ ಹೊಲಿಗೆ ಕಲಿಸಿದವರ ಸ್ಥಿತಿಯೂ ಹಾಗೇ. ಗಿರಾಕಿ ಎದುರು ನೀವು ನಿಂತಾಗ ಮೇಡಂಗೆ ಓಟು ಇರುವುದಿಲ್ಲ.

ಹೊತ್ತು ಕಮ್ಮಿ ಆದಾಗ ಮನುಷ್ಯ ಏನು ಬಿಡುತ್ತಾನೆ, ಏನು ಬಿಡುವುದಿಲ್ಲ ಅನ್ನುವುದು ಅಲ್ಲಿ ಕಾಣುತ್ತದೆ. ಒಬ್ಬಳು ಅಸ್ತರ ಬಿಡುತ್ತಾಳೆ. ಒಬ್ಬ ತೋಳೇ ಬಿಡುತ್ತಾನೆ, ‘ಇದು ತೋಳಿಲ್ಲದ ಡಿಸೈನು’ ಅನ್ನುತ್ತಾನೆ. ನಗಬೇಡಿ, ನಾನೂ ಹೇಳಿದ್ದೇನೆ ಅಂಥ ಸುಳ್ಳು. ಆದರೆ ಒಂದು ಸಲ ಹೇಳಲಿಕ್ಕೆ ಆಗಲಿಲ್ಲ. ಅದನ್ನು ಹೇಳುತ್ತೇನೆ.

ಅಂಗಡಿ ಇಟ್ಟು ಎರಡನೇ ವರ್ಷ. ಮೇ ತಿಂಗಳು, ಮದುವೆ ಸೀಜನ್. ಒಂದು ಹುಡುಗಿಯ ಅರಿಷಿಣದ ಬ್ಲೌಸು, ಗುಳೇದಗುಡ್ಡದ ಖಣ. ಖಣ ಅಂದರೆ ಕುಬಸದ ಬಟ್ಟೆ, ಅದರ ಪನ್ನ, ಅಂದರೆ ಅಗಲ, ಸಣ್ಣದು ಅಂತ ನಿಮಗೆ ಗೊತ್ತು. ಮೊದಲು ನೆನಸಿ ಒಣಗಿಸಿ, ಅಂಚು ತೋಳಿನ ತುದಿಗೆ ಬರುವ ಹಾಗೆ ಇಟ್ಟು ಕತ್ತರಿಸಬೇಕು. ಉಳಿಯುವುದು ಚೂರುಪಾರು ಮಾತ್ರ. ರಾತ್ರಿ ಹನ್ನೊಂದಕ್ಕೆ ಕತ್ತರಿ ಹಿಡಿದೆ. ಬಟ್ಟೆ ಮಡಚಿ ಎರಡೂ ತೋಳು ಒಟ್ಟಿಗೆ ಕತ್ತರಿಸಬೇಕಿತ್ತು. ಉಳಿತಾಯ ಮಾಡಲಿಕ್ಕೆ ಹೋಗಿ ಒಂದೊಂದೇ ಕತ್ತರಿಸಿದೆ. ಮೊದಲ ತೋಳನ್ನೇ ಮೇಲಿಟ್ಟು ಎರಡನೆಯದಕ್ಕೆ ಚಾಕ್ ಎಳೆದೆ. ತಿರುವಿ ಇಡಲಿಲ್ಲ.

ಆಯಿತಲ್ಲ. ಎರಡೂ ಎಡಗೈ ತೋಳು.

ಬೇರೆ ಬಟ್ಟೆ ಆಗಿದ್ದರೆ ಒಂದನ್ನು ಮಗುಚಿ ಹಾಕಿದರೆ ಮುಗಿಯಿತು. ಖಣಕ್ಕೆ ಅದು ನಡೆಯುವುದಿಲ್ಲ, ಹಿಂದೆ ಎಳೆ ಕಾಣುತ್ತವೆ. ತೋಳಿನ ಮುಂದಿನ ಭಾಗ ಆಳ ಕೊರೆದಿರುತ್ತೇವೆ, ಹಿಂದಿನದು ತುಂಬಿರುತ್ತದೆ. ಬಲಗೈಯಲ್ಲಿ ಈಗ ಹಿಂದೆ ಮುಕ್ಕಾಲು ಇಂಚು ಬಟ್ಟೆ ಕಮ್ಮಿ. ಬೆಳಗ್ಗೆ ಏಳಕ್ಕೆ ಅವರು ಬರುತ್ತಾರೆ. ಹೊಸ ಖಣ ತರಲಿಕ್ಕೆ ಜವಳಿ ಸಾಲಿನ ಅಂಗಡಿ ತೆಗೆಯುವುದು ಹತ್ತಕ್ಕೆ. ಕುಂತು ಅತ್ತೆ. ನಿಜ. ಆಮೇಲೆ ಚೂರುಗಳನ್ನೆಲ್ಲ ನೆಲದ ಮೇಲೆ ಹರಡಿದೆ. ಕೊರಳು ಕೊರೆದ ಅರ್ಧಚಂದ್ರದ ತುಂಡು ಇತ್ತು. ಅದರಲ್ಲಿ ಒಂದು ಸಣ್ಣ ಬೆಣೆ ಆಕಾರದ ತುಂಡು ಸಿಕ್ಕಿತು. ನಮ್ಮ ಅಜ್ಜಿ ಕುಬಸ ಹೊಲಿಯುವಾಗ ಕಂಕುಳಲ್ಲಿ ಒಂದು ಪುಟ್ಟ ಚೌಕ ಕೂಡಿಸುತ್ತಿದ್ದಳು, ಕೈ ಎತ್ತಲಿಕ್ಕೆ ಅನುಕೂಲ ಅಂತ. ಅದು ನೆನಪಾಯಿತು. ಬೆಣೆಯನ್ನು ಕಂಕುಳ ಹಿಂದೆ ಕೂಡಿಸಿದೆ. ಖಣದಲ್ಲಿ ಜೋಳದ ಕಾಳಿನಷ್ಟು ಬುಟ್ಟಾ ಇರುತ್ತವಲ್ಲ, ಬುಟ್ಟಾಕ್ಕೆ ಬುಟ್ಟಾ ತಾಗುವ ಹಾಗೆ, ಮಷೀನು ಬಿಟ್ಟು ಕೈಸೂಜಿಯಲ್ಲಿ. ಮೂರು ಇಂಚು ಹೊಲಿಗೆಗೆ ಒಂದು ತಾಸು ಹಿಡಿಯಿತು.

ಬೆಳಗ್ಗೆ ಹುಡುಗಿ ಹಾಕಿಕೊಂಡಳು, ಕನ್ನಡಿ ನೋಡಿದಳು, ಖುಷಿಯಾದಳು. ಅವಳ ಜೊತೆ ಒಬ್ಬಳು ಅಜ್ಜಿ. ಬ್ಲೌಸು ಬಿಚ್ಚಿ ಕೊಡು ಅಂದಳು. ತೊಡೆಯ ಮೇಲಿಟ್ಟುಕೊಂಡು ಉಲ್ಟಾ ಮಾಡಿದಳು. ನನ್ನ ಎದೆ ಡವಡವ. ಬೆರಳು ಹೊಲಿಗೆ ಮೇಲೆ ಓಡಿಸುತ್ತಾ ಹೋಗಿ ಸೀದಾ ಆ ಕಂಕುಳಲ್ಲಿ ನಿಲ್ಲಿಸಿದಳು. ನನ್ನನ್ನು ನೋಡಿದಳು.

‘ಜೋಡ ಹಾಕೀ?’

‘ಹೂಂರೀ ಅಜ್ಜಿ.’

‘ಬುಟ್ಟಾಕ ಬುಟ್ಟಾ ಕೂಡ್ಸಿ. ಇರ್ಲಿ ಬಿಡು.’

ದುಡ್ಡು ಪೂರಾ ಕೊಟ್ಟರು. ಮೊಮ್ಮಗಳಿಗೆ ಅಜ್ಜಿ ಏನೂ ಹೇಳಲಿಲ್ಲ. ಆಮೇಲೆ ಆ ಮನೆಯವರು ಬೇರೆ ಟೇಲರ್ ಹತ್ತಿರ ಹೋಗಲಿಲ್ಲ.

ಈಗ ಟೀವಿಗೆ ವಾಪಸ್ ಬನ್ನಿ. ‘ಪ್ರಾಜೆಕ್ಟ್ ರನ್‌ವೇ’ಯಲ್ಲಿ ಆ ಅಜ್ಜಿ ಇಲ್ಲ. ಮಾಡೆಲ್ ನಡೆದು ಬರುತ್ತಾಳೆ, ನಿಲ್ಲುತ್ತಾಳೆ, ತಿರುಗಿ ಹೋಗುತ್ತಾಳೆ. ಅಷ್ಟು ದೂರದಿಂದ ಅಂಟು ಹಚ್ಚಿದ್ದು, ಪಿನ್ನು ಚುಚ್ಚಿದ್ದು, ಮಾಡೆಲ್ ಮೈಮೇಲೆಯೇ ಹೊಲಿದು ಮುಗಿಸಿದ್ದು ಯಾವುದೂ ಕಾಣುವುದಿಲ್ಲ. ಬಿಸಿ ಅಂಟಿನ ಗನ್ನು ಅಲ್ಲಿ ಎಷ್ಟೋ ಜನರ ಮಾನ ಉಳಿಸಿದೆ. ಮುಂದಿನ ಸೀಸನ್‌ಗಳಲ್ಲಿ ತೀರ್ಪುಗಾರರು ಹತ್ತಿರ ಕರೆದು ಮುಟ್ಟಿ ನೋಡುವುದು ಬಂತು, ಅದು ನಿಜ. ಆಗ ಕೆಲವರ ಮುಖ ನೋಡಬೇಕು ನೀವು! ಅಜ್ಜಿಯ ಬೆರಳು ಕಂಕುಳಲ್ಲಿ ನಿಂತಾಗ ನನ್ನ ಮುಖವೂ ಹಾಗೇ ಇದ್ದಿರಬೇಕು.

ಬ್ರಿಟನ್ನಿನ ಕಾರ್ಯಕ್ರಮ ಒಂದಿದೆ, ‘ದ ಗ್ರೇಟ್ ಬ್ರಿಟಿಷ್ ಸೂಯಿಂಗ್ ಬೀ’. 2013ರಲ್ಲಿ ಬಿಬಿಸಿ ಟೂನಲ್ಲಿ ಶುರುವಾಯಿತು. ಅಲ್ಲಿ ಬರುವವರು ಡಿಸೈನರ್‌ಗಳಲ್ಲ, ಮನೆಯಲ್ಲಿ ಹೊಲಿಯುವವರು. ಪ್ರತಿ ವಾರ ಮೂರು ಕೆಲಸ. ಮೊದಲು ಕೊಟ್ಟ ಪ್ಯಾಟರ್ನ್ ನೋಡಿ ಹೊಲಿಯುವುದು. ಆಮೇಲೆ ಹಳೆ ಬಟ್ಟೆ ಬಿಚ್ಚಿ ಹೊಸದು ಮಾಡುವುದು, ಅಂದರೆ ನಮ್ಮ ಕೌದಿ ಬುದ್ಧಿ. ಕೊನೆಗೆ ಒಬ್ಬ ವ್ಯಕ್ತಿಯ ಅಳತೆಗೆ ಹೊಲಿಯುವುದು. ಅಲ್ಲಿನ ತೀರ್ಪುಗಾರರು ಝಿಪ್ಪು ಎಳೆದು ನೋಡುತ್ತಾರೆ. ಅಂಚು ಮಗುಚಿ ನೋಡುತ್ತಾರೆ. ಗೆರೆಗೆ ಗೆರೆ ಕೂಡಿದೆಯಾ ಅಂತ ಬಗ್ಗಿ ನೋಡುತ್ತಾರೆ. ಅದನ್ನು ನೋಡಿದ ದಿನ ಮಗಳಿಗೆ ಹೇಳಿದೆ, ‘ನೋಡು, ಅಜ್ಜಿ ಬಂದಳು.’

ಮೊದಲ ವರ್ಷ ಗೆದ್ದವರು ಆ್ಯನ್ ರೌಲಿ ಅನ್ನುವವರು. ವಯಸ್ಸು 81. ಹೌದು, ಎಂಬತ್ತೊಂದು. ಹಿಂದಿನ ಸಾಲಿನಲ್ಲಿ ಕೂತ ತಾಯಂದಿರು ಇನ್ನೊಮ್ಮೆ ಕೇಳಿಸಿಕೊಳ್ಳಿ.

ಅದಕ್ಕೆ ಪೂರ್ತಿ ಎದುರಿನ ಉದಾಹರಣೆಯೂ ಇದೆ. 2011ರಲ್ಲಿ ‘ಪ್ರಾಜೆಕ್ಟ್ ರನ್‌ವೇ’ಯ 9ನೇ ಸೀಸನ್ ಗೆದ್ದವಳು ಟ್ರಿನಿಡಾಡಿನ ಆನ್ಯಾ ಅಯಾಂಗ್-ಚೀ. ಆಕೆ ಹೊಲಿಗೆ ಕಲಿತದ್ದು ಸ್ಪರ್ಧೆಗೆ ಬರುವ ಕೆಲವೇ ತಿಂಗಳ ಮುಂಚೆ. ಗೆದ್ದಾಗ ನನಗೆ ಸಿಟ್ಟು ಬಂತು. ನೀವು ಇಲ್ಲಿ ಪೆಡಲ್ ತುಳಿದು ತುಳಿದು ಮೊಣಕಾಲು ನೋಯಿಸಿಕೊಳ್ಳುತ್ತೀರಿ, ಅವಳು ನಿನ್ನೆ ಮೊನ್ನೆ ಸೂಜಿ ಹಿಡಿದವಳು. ರಾತ್ರಿ ನಿದ್ದೆ ಬರಲಿಲ್ಲ ಅಂದರೂ ತಪ್ಪಿಲ್ಲ. ಬೆಳಗ್ಗೆ ಎದ್ದು ರೊಟ್ಟಿ ತಟ್ಟುವಾಗ ಹೊಳೆಯಿತು. ಇದು ಡಿಸೈನ್ ಸ್ಪರ್ಧೆ. ಯಾವ ಬಟ್ಟೆ ಎಲ್ಲಿ ಬೀಳಬೇಕು, ಯಾವ ಬಣ್ಣದ ಪಕ್ಕ ಯಾವುದು, ಬೆನ್ನು ಎಷ್ಟು ಕಾಣಬೇಕು ಅನ್ನುವುದು ಅವಳಿಗೆ ಗೊತ್ತಿತ್ತು. ಆ ಕಣ್ಣು ಒಂದು ವಿದ್ಯೆ, ಈ ಕೈ ಇನ್ನೊಂದು ವಿದ್ಯೆ.

ನಮ್ಮಲ್ಲಿ ಆ ಕಣ್ಣು ಯಾರದು? ಗಿರಾಕಿಯದು. ಫೋನು ಹಿಡಿದುಕೊಂಡು ಬರುತ್ತಾರೆ. ‘ಅಕ್ಕಾರ, ಕೊಳ್ಳು ಇದರಂಗ, ತೋಳು ಇದರಂಗ, ಹಿಂದಿನ ದಾರ ಈ ಸೀರಿಯಲ್ ಹುಡುಗೀದರಂಗ.’ ಮೂರು ಫೋಟೋ, ಮೂರು ಬೇರೆ ಬೇರೆ ಮೈಕಟ್ಟು, ಮೂರು ಬೇರೆ ಬೇರೆ ಬಟ್ಟೆ. ಅದನ್ನು ಒಂದು ಮಾಡಿ ಒಬ್ಬಳ ಮೈಮೇಲೆ ಕೂರಿಸುವವರು ನಾವು. ಹೊಗಳಿಕೆ ಬಂದರೆ ಡಿಸೈನ್ ಅವರದು. ಬಿಗಿಯಾದರೆ ಹೊಲಿಗೆ ನಮ್ಮದು. ಸುಮ್ನೆ ಹೇಳುತ್ತಿಲ್ಲ, ನಾಳೆ ಅಂಗಡಿ ಇಟ್ಟರೆ ನಿಮಗೇ ಗೊತ್ತಾಗುತ್ತದೆ.

ಇನ್ನೊಂದು ತಮಾಷೆ. ‘ಪ್ರಾಜೆಕ್ಟ್ ರನ್‌ವೇ’ಯ ಮೂರನೇ ಸೀಸನ್ನಿನಲ್ಲಿ ಒಬ್ಬ ಸ್ಪರ್ಧಿಯನ್ನು ಮಧ್ಯದಲ್ಲೇ ಹೊರಗೆ ಹಾಕಿದರು. ರೂಮಿನಲ್ಲಿ ಪ್ಯಾಟರ್ನ್ ಮಾಡುವ ಪುಸ್ತಕ ಇಟ್ಟುಕೊಂಡಿದ್ದ, ಅದು ನಿಯಮಕ್ಕೆ ವಿರುದ್ಧ. ನನ್ನ ಅಂಗಡಿಗೆ ಬಂದು ನೋಡಿದರೆ ಅವರು ನನ್ನನ್ನು ಜೈಲಿಗೇ ಕಳಿಸುತ್ತಾರೇನೋ. ಗೋಡೆಗೆ ಮೊಳೆ ಹೊಡೆದು ಖಾಕಿ ಕಾಗದದ ಪ್ಯಾಟರ್ನ್ ನೇತುಹಾಕಿದ್ದೇನೆ. ಗಿರಾಕಿ ತರುವ ‘ಅಳತೆ ಬ್ಲೌಸ್’ ಇಲ್ಲದೆ ನಮ್ಮ ಧಂದೆಯೇ ನಡೆಯುವುದಿಲ್ಲ. ಅಳತೆ ಬ್ಲೌಸ್ ಅಂದರೆ ಇನ್ನೊಬ್ಬ ಟೇಲರ್ ಹೊಲಿದದ್ದು. ಅವಳ ತಪ್ಪೂ ಅದರಲ್ಲೇ ಬರುತ್ತದೆ. ಅದಕ್ಕೇ ನಾನು ಅಳತೆ ಬ್ಲೌಸ್ ತಂದರೂ ಟೇಪು ಹಿಡಿಯುತ್ತೇನೆ.

ಟೇಪು ಹಿಡಿಯುವುದರಲ್ಲಿ ಒಂದು ಗುಟ್ಟಿದೆ, ಬರೆದುಕೊಳ್ಳಿ ಬೇಕಾದರೆ. ಸೊಂಟಕ್ಕೆ, ಎದೆಗೆ ಟೇಪು ಸುತ್ತಿದ ಕೂಡಲೇ ಹೆಂಗಸರು ಉಸಿರು ಒಳಗೆ ಎಳೆದುಕೊಳ್ಳುತ್ತಾರೆ. ಬೇಕಂತ ಮಾಡುವುದಿಲ್ಲ, ಆಗಿಬಿಡುತ್ತದೆ. ಆ ಅಳತೆಗೆ ಹೊಲಿದರೆ ಊಟಕ್ಕೆ ಕೂತಾಗ ಹುಕ್ಕು ಹಾರುತ್ತದೆ. ಹಾಗಾಗಿ ನಾನು ಟೇಪು ಸುತ್ತಿ, ಓದದೆ, ‘ಇವತ್ತ ಏನ್ ಪಲ್ಯಾ ಮಾಡೀರಿ?’ ಅಂತ ಕೇಳುತ್ತೇನೆ. ಉತ್ತರ ಹೇಳಬೇಕಂದರೆ ಉಸಿರು ಬಿಡಲೇಬೇಕು. ಬದನೆಕಾಯಿ ಅನ್ನುವಷ್ಟರಲ್ಲಿ ನನ್ನ ನಂಬರು ಸಿಕ್ಕಿರುತ್ತದೆ. ಟ್ರಯಲ್ ಹಾಕಿದಾಗ ಇನ್ನೊಂದು. ‘ರೊಟ್ಟಿ ಬಡದು ತೋರಸ್ರಿ’ ಅನ್ನುತ್ತೇನೆ. ನಗುತ್ತಾ ಗಾಳಿಯಲ್ಲಿ ರೊಟ್ಟಿ ಬಡಿಯುತ್ತಾರೆ. ಬಲಗೈ ಮುಂಡಾ, ಅಂದರೆ ತೋಳು ಕೂಡಿಸುವ ಸುತ್ತು, ಎಳೆಯುತ್ತಿದ್ದರೆ ಆಗಲೇ ಗೊತ್ತಾಗುತ್ತದೆ. ರ್‍ಯಾಂಪಿನ ಮೇಲೆ ಯಾವ ಮಾಡೆಲ್ಲೂ ರೊಟ್ಟಿ ಬಡಿಯುವುದಿಲ್ಲ. ಬರೀ ನಡೆಯುವುದಕ್ಕೆ ಹೊಲಿದ ಬಟ್ಟೆ ಅದು.

ಇದಕ್ಕೇ ನನಗೆ ಬಹಳ ಹಿಡಿಸಿದ ಎಪಿಸೋಡು ಅದೇ ಮೂರನೇ ಸೀಸನ್ನಿನದು. ಒಂದು ವಾರ ಮಾಡೆಲ್‌ಗಳ ಬದಲಿಗೆ ಸ್ಪರ್ಧಿಗಳ ತಾಯಂದಿರನ್ನು, ಅಕ್ಕ-ತಂಗಿಯರನ್ನು ಕರೆಸಿದರು. ಅವರವರ ತಾಯಿ ಅವರವರಿಗೆ ಇಲ್ಲ, ಅದಲು ಬದಲು. ಅವತ್ತು ಕೋಣೆಯಲ್ಲಿ ಎಲ್ಲರ ಕೈ ನಡುಗಿತು! ಹೊಟ್ಟೆ ಇರುವ ಮೈ, ಅಭಿಪ್ರಾಯ ಇರುವ ಬಾಯಿ. ಒಬ್ಬನ ಪಾಲಿಗೆ ತನಗೆ ಆಗದ ಸ್ಪರ್ಧಿಯ ತಾಯಿಯೇ ಬಂದಳು. ಮಾತಿಗೆ ಮಾತು ಬೆಳೆದು ಆಕೆ ಕಣ್ಣೀರು ಹಾಕಿದಳು. ಆ ಸೀಸನ್ ಕೊನೆಗೆ ಗೆದ್ದವನು ಅವನೇ. ಹುಬ್ಬಳ್ಳಿಯಲ್ಲಿ ಗಿರಾಕಿಯನ್ನು ಅಳಿಸಿದ ಟೇಲರ್ ಮರುದಿನ ಅಂಗಡಿ ತೆಗೆಯಲಿಕ್ಕಾಗುತ್ತಾ? ನನಗೆ ಆ ತೀರ್ಪು ಇವತ್ತಿಗೂ ಒಪ್ಪಿಗೆ ಇಲ್ಲ.

ನಾಲ್ಕನೇ ಸೀಸನ್ ಗೆದ್ದ ಕ್ರಿಶ್ಚಿಯನ್ ಸಿರಿಯಾನೊ ಬಗ್ಗೆ ಬೇರೆ ಮಾತು. ಸ್ಪರ್ಧೆಗೆ ಬಂದಾಗ ಅವನಿಗೆ 21 ವರ್ಷ, ಬಾಯಿ ಜೋರು, ಕೈ ಅದಕ್ಕಿಂತ ಜೋರು. 2016ರಲ್ಲಿ ಲೆಸ್ಲಿ ಜೋನ್ಸ್ ಅನ್ನುವ ನಟಿ ಟ್ವಿಟರಿನಲ್ಲಿ ಬರೆದುಕೊಂಡರು, ನನ್ನ ಸಿನಿಮಾದ ಮೊದಲ ಶೋಗೆ ಉಡುಪು ಮಾಡಿಕೊಡಲು ಡಿಸೈನರ್‌ಗಳು ಮುಂದೆ ಬರುತ್ತಿಲ್ಲ ಅಂತ. ಎತ್ತರದ, ಗಟ್ಟಿಮುಟ್ಟಾದ ಹೆಂಗಸು. ಸಿರಿಯಾನೊ ಕೈ ಎತ್ತಿದ. ಕೆಂಪು ಗೌನು ಹೊಲಿದುಕೊಟ್ಟ. ಆ ಫೋಟೋ ಮಗಳು ದೊಡ್ಡದು ಮಾಡಿ ತೋರಿಸಿದಳು. ಭುಜದಿಂದ ಬಟ್ಟೆ ಇಳಿದ ರೀತಿ ನೋಡಿ ನಾನು, ‘ಇಂವ ಟೇಪು ಹಿಡದಾನ’ ಅಂದೆ. 2019ರಲ್ಲಿ ಟಿಮ್ ಗನ್ ನಿಂತ ಜಾಗದಲ್ಲಿ ಮೇಷ್ಟ್ರಾಗಿ ನಿಂತವನು ಅವನೇ.

ಆ ಕಾರ್ಯಕ್ರಮದಲ್ಲಿ ಹೈಡಿ ಕ್ಲುಮ್ ಪ್ರತಿ ವಾರ ಒಂದು ಮಾತು ಹೇಳುತ್ತಿದ್ದಳು. ಫ್ಯಾಷನ್ನಿನಲ್ಲಿ ಇವತ್ತು ನೀವು ಒಳಗೆ, ನಾಳೆ ಹೊರಗೆ ಅಂತ. ಇಳಕಲ್ ಸೀರೆ ಉಟ್ಟವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ನೋಡಿ, ಅರ್ಧಕ್ಕಿಂತ ಜಾಸ್ತಿ. ಅದೇ ಟೋಪ ತೆನಿ ಸೆರಗು, ಅದೇ ಕೆಂಪು-ಬಿಳಿ. ಈ ಸೀರೆಗೆ ಆ ಮಾತು ಯಾರೂ ಹೇಳಿಲ್ಲ ಅಂತ ಕಾಣುತ್ತದೆ.

ಆದರೆ ಹೊರಗೆ ಅನ್ನಿಸಿಕೊಂಡದ್ದು ನಮ್ಮೂರಲ್ಲೂ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ, 1957ರಲ್ಲಿ ಶುರುವಾದದ್ದು. ರಾಷ್ಟ್ರಧ್ವಜ ಹೊಲಿಯುವ ಜಾಗ. ನಮ್ಮಂಥ ಹೆಂಗಸರೇ ಜಾಸ್ತಿ. ಧ್ವಜಕ್ಕೆ ಒಂಬತ್ತು ಅಳತೆ ಇವೆ. ಎಲ್ಲಕ್ಕಿಂತ ಸಣ್ಣದು 6 ಇಂಚು ಉದ್ದ, 4 ಇಂಚು ಅಗಲ. ದೊಡ್ಡದು 21 ಅಡಿ, 14 ಅಡಿ. ಯಾವ ಅಳತೆಯಾದರೂ ಮೂರಕ್ಕೆ ಎರಡರ ಲೆಕ್ಕ ತಪ್ಪುವ ಹಾಗಿಲ್ಲ. ಚಕ್ರ ಎರಡೂ ಬದಿಗೆ ಇರಬೇಕು, 24 ಕಡ್ಡಿಗಳು ಆ ಕಡೆಯವು ಈ ಕಡೆಯವುಗಳ ಮೇಲೆ ಸರಿಯಾಗಿ ಕೂರಬೇಕು. ನೂಲು, ಬಣ್ಣ, ಹೊಲಿಗೆ ಎಲ್ಲವೂ ಮಾನಕ ಬ್ಯೂರೋದ ಪರೀಕ್ಷೆಗೆ ಒಳಪಡುತ್ತವೆ. ಒಂದು ಕಡೆ ತಪ್ಪಿದರೂ ಪಾಸಿಲ್ಲ. ಮೈಕಲ್ ಕೋರ್ಸ್ ಇದರ ಮುಂದೆ ಬಹಳ ಮೆತ್ತನೆ ಮನುಷ್ಯ.

2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದುಪಡಿ ಆಯಿತು. ಖಾದಿ ಧ್ವಜದ ಜೊತೆಗೆ ಪಾಲಿಯೆಸ್ಟರ್ ಧ್ವಜಕ್ಕೆ, ಮಷೀನಿನಲ್ಲಿ ಮಾಡಿದ ಧ್ವಜಕ್ಕೆ ಅವಕಾಶ ಬಂತು. ಮರುವರ್ಷ ಬೆಂಗೇರಿಯಲ್ಲಿ ಪ್ರತಿಭಟನೆಯೂ ಆಯಿತು. ರಾಜಕೀಯ ನನಗೆ ಬೇಡ. ಆಮೇಲೆ ನಮ್ಮ ಓಣಿಯಲ್ಲಿ ಒಂದು ಪಾಲಿಯೆಸ್ಟರ್ ಧ್ವಜ ಕೈಗೆ ಸಿಕ್ಕಿತು. ಅಭ್ಯಾಸ ನೋಡಿ, ತಿರುವಿ ನೋಡಿದೆ. ಒಂದು ಬದಿಯ ಚಕ್ರ ಇನ್ನೊಂದು ಬದಿಯದಕ್ಕಿಂತ ಒಂದು ಬೆರಳು ಪಕ್ಕಕ್ಕಿತ್ತು.

ಸರಿ, ಆ ಬಟ್ಟೆ ಎಲ್ಲಿಗೆ ಬಂತು? ನಾಲ್ಕನೇ ಸಾಲಾ? ಉಲ್ಟಾ ಯಾವುದು ಅಂತ ಗೊತ್ತಾಯಿತಾ? ಗೊತ್ತಾಗುವುದಿಲ್ಲ. ಅದು ಗವಂತಿ ಹೊಲಿಗೆ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿದುಕೊಂಡು ಹೋಗುತ್ತೀರಿ, ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರುತ್ತೀರಿ. ಎರಡೂ ಬದಿಗೂ ಒಂದೇ ಗೋಪುರ, ಒಂದೇ ತೇರು. ಮುರಗಿ ಹೊಲಿಗೆಯೂ ಹಾಗೇ. ನೇಯ್ಗಿ, ಮೆಂತಿ ಹೊಲಿಗೆಯಾದರೆ ಹಿಂಬದಿ ಬೇರೆ ಕಾಣುತ್ತದೆ. ಬರೆದುಕೊಂಡು ಮಾಡುವ ಕೆಲಸ ಅಲ್ಲ, ಬಟ್ಟೆಯ ಎಳೆ ಎಣಿಸಿ ಮಾಡುವುದು. ಗಂಟು ಹಾಕುವುದಿಲ್ಲ. ದಾರದ ತುದಿ ಬಿಟ್ಟು, ವಾಪಸ್ ಬರುವಾಗ ಅದನ್ನು ಹೊಲಿಗೆಯೊಳಗೇ ಮುಚ್ಚಿಬಿಡಬೇಕು.

ಹಾಗಾದರೆ ಅವ್ವ ಯಾಕೆ ಗಂಟು ಹಾಕಿದಳು? ನಾನು ಕೇಳಿದ್ದೆ. ‘ನೀ ತೊಟ್ಟಿಲದಾಗ ಅಳಾಕತ್ತಿದ್ದಿ’ ಅಂದಳು. ಅಷ್ಟೇ ಕಾರಣ. ದಾರದ ತುದಿ ಮುಚ್ಚುವಷ್ಟು ಹೊತ್ತು ಇರಲಿಲ್ಲ, ಗಂಟು ಹಾಕಿ ಎದ್ದಳು. ಆಮೇಲೆ ಬಿಚ್ಚಬಹುದಿತ್ತು. ಬಿಚ್ಚಲಿಲ್ಲ.

ಯಾರೋ ಕೈ ಎತ್ತಿದರು. ಸಿಕ್ಕಿತಾ? ತೇರಿನ ಗಾಲಿಯ ಹತ್ತಿರವಾ? ಇಲ್ಲಿ ತನ್ನಿ ನೋಡೋಣ. ಅಯ್ಯೋ, ಇದು ಗಂಟಲ್ಲ. ನೂಲೇ ಅಲ್ಲಿ ದಪ್ಪ ಬಂದಿದೆ. ತಗೊಳ್ಳಿ, ಮತ್ತೆ ದಾಟಿಸಿ. ಬೆಳಕಿನ ಕಡೆ ಹಿಡಿಯಬೇಡಿ, ಬೆರಳು ಓಡಿಸಿ.